ಬಾರ್ಬರಾ ಪಾರ್ಟೀ ಅವರನ್ನು ಎಲ್ಲಿಂದ ಓದಲು ಶುರು ಮಾಡಬೇಕು?

ಮಾತಿನ ಅರ್ಥವನ್ನು ತರ್ಕದ ಮೂಲಕ ಅಧ್ಯಯನ ಮಾಡುವ ಭಾಷಾವಿಜ್ಞಾನಿ ಬಾರ್ಬರಾ ಪಾರ್ಟೀ ಅವರನ್ನು ಓದೋದು ಕಷ್ಟ ಆಗ್ತಿದೆ ಅಂತ ಕೇಳಿದ್ದೀರಿ. ತೊಡಕು ಅವರ ಬರವಣಿಗೆಯದ್ದಲ್ಲ, ನೀವು ಓದುತ್ತಿರುವ ಕ್ರಮದ್ದು ಅನ್ನಿಸುತ್ತೆ. ಮಾಂಟೆಗ್ಯೂ ವ್ಯಾಕರಣದ (ತರ್ಕಶಾಸ್ತ್ರಜ್ಞ ರಿಚರ್ಡ್ ಮಾಂಟೆಗ್ಯೂ ವಾಕ್ಯದ ಅರ್ಥವನ್ನು ತರ್ಕದ ಸೂತ್ರಗಳಲ್ಲಿ ಹೇಳಿದ ರೀತಿ) ಮೇಲಿನ ಅವರ 1975ರ ಲೇಖನ ಹಿಡಿದು, ಲ್ಯಾಂಬ್ಡಾ (ಫಂಕ್ಷನ್, ಅಂದರೆ ಒಂದನ್ನು ಕೊಟ್ಟರೆ ಇನ್ನೊಂದನ್ನು ಕೊಡುವ ನಿಯಮ, ಬರೆಯುವ ಗುರುತು) ಬಂದ ಕಡೆ ನಿಂತುಬಿಟ್ಟೆ ಅಂದಿದ್ದೀರಿ. ಅದು ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿಯ ವಾಕ್ಯರಚನೆಯ ವ್ಯಾಕರಣ ಚೆನ್ನಾಗಿ ಗೊತ್ತಿದ್ದವರಿಗೆ ಬರೆದದ್ದು. ಪಾರ್ಟೀ 1965ರಲ್ಲಿ ಚಾಮ್ಸ್ಕಿ ಹತ್ತಿರವೇ ಪಿಎಚ್‌ಡಿ ಮುಗಿಸಿ, ಲಾಸ್ ಏಂಜಲೀಸ್‌ನಲ್ಲಿ ಪಾಠ ಮಾಡುವಾಗ ಮಾಂಟೆಗ್ಯೂ ತರಗತಿಗಳಲ್ಲಿ ಕೂತವರು, ಈ ಎರಡನ್ನೂ ಜೋಡಿಸೋದೇ ಆ ಲೇಖನದ ಕೆಲಸ.

ಮೊದಲು ಅವರು ಇನ್ನಿಬ್ಬರ ಜೊತೆ ಬರೆದ 'ಮ್ಯಾಥಮೆಟಿಕಲ್ ಮೆಥಡ್ಸ್ ಇನ್ ಲಿಂಗ್ವಿಸ್ಟಿಕ್ಸ್' (1990) ತೆಗೆಯಿರಿ. ಗಣಗಳು (ಸೆಟ್), ತರ್ಕ ಓದಿ. ಬೀಜಗಣಿತ ಸದ್ಯಕ್ಕೆ ಬಿಡಿ. ಅದರ ಮುಂದಿನ ಭಾಗದಲ್ಲಿ ಲ್ಯಾಂಬ್ಡಾ ಇದೆ. ಸುಮ್ನೆ ಓದಿದರೆ ಆಗಲ್ಲ, ಅಭ್ಯಾಸದ ಲೆಕ್ಕ ಮಾಡಲೇಬೇಕು.

ಆಮೇಲೆ ಕಾಲ (ಕ್ರಿಯಾಪದದ ಭೂತ, ವರ್ತಮಾನ) ಮತ್ತು ಸರ್ವನಾಮಗಳ ಹೋಲಿಕೆ ಕುರಿತ ಅವರ 1973ರ ಲೇಖನ. ನನಗೆ ಇದೇ ಜಾಸ್ತಿ ಇಷ್ಟ. ಅದರ ಉದಾಹರಣೆ ನೋಡಿ: ಹೆದ್ದಾರಿಯಲ್ಲಿ ಅರ್ಧ ದಾರಿ ಬಂದಮೇಲೆ ಒಬ್ಬರು 'ನಾನು ಒಲೆ ಆರಿಸಲಿಲ್ಲ' ಅಂತಾರೆ. ಜೀವನದಲ್ಲಿ ಒಮ್ಮೆಯೂ ಆರಿಸಿಲ್ಲ ಅಂತಲ್ಲ, ಆರಿಸದೆ ಇದ್ದ ಯಾವುದೋ ಒಂದು ಕ್ಷಣ ಇತ್ತು ಅಂತಲೂ ಅಲ್ಲ. ಮನೆ ಬಿಡುವ ಆ ಹೊತ್ತಿನ ಮಾತು ಅದು, ಅಲ್ವಾ? 'ಅವನು' ಅಂದರೆ ಯಾರು ಅಂತ ಸಂದರ್ಭದಿಂದ ತಿಳಿಯುವ ಹಾಗೆ, ಇಲ್ಲಿ ಯಾವಾಗ ಅನ್ನೋದೂ ಸಂದರ್ಭದಿಂದಲೇ ತಿಳಿಯುತ್ತೆ.

ಇಷ್ಟಾದ ಮೇಲೆ 1975ರ ಲೇಖನಕ್ಕೆ ವಾಪಸ್ ಬನ್ನಿ. ನಿಮಗೆ ಗಣಿತದ ರೂಢಿ ಎಷ್ಟಿದೆಯೋ ಗೊತ್ತಿಲ್ಲ, ಗಣ, ಫಂಕ್ಷನ್ ಆಗಲೇ ಬರುತ್ತೆ ಅಂದರೆ ನೇರ ತರ್ಕದಿಂದಲೇ ಶುರು ಮಾಡಿ.