ಸಾಂಬಾದಲ್ಲಿ ತೆರೆಯುವ ಫೈಲು ಎನ್‌ಎಫ್‌ಎಸ್‌ನಲ್ಲಿ ಯಾಕೆ ತೆರೆಯುವುದಿಲ್ಲ?

ನಿಮ್ಮ ಸಮಸ್ಯೆ ನನಗೆ ಅರ್ಥವಾಗಿದ್ದು ಇಷ್ಟು: ಸರ್ವರ್ ಒಂದೇ, ಫೋಲ್ಡರ್ ಒಂದೇ. ಅದನ್ನು ನೆಟ್‌ವರ್ಕ್‌ನಲ್ಲಿ ಹಂಚುವ ವ್ಯವಸ್ಥೆ ಮಾತ್ರ ಎರಡು: ಸಾಂಬಾ ಮತ್ತು ಎನ್‌ಎಫ್‌ಎಸ್. ವಿಂಡೋಸ್‌ನಿಂದ ಸಾಂಬಾ ಮೂಲಕ ಹೋದರೆ ಫೈಲು ತೆರೆಯುತ್ತದೆ. ಲಿನಕ್ಸ್‌ನಿಂದ ಎನ್‌ಎಫ್‌ಎಸ್ ಮೂಲಕ ಹೋದರೆ 'ಪರ್ಮಿಷನ್ ಡಿನೈಡ್'. ಸುಡೋ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ನಡೆಸುವುದು) ಹಾಕಿದರೂ ಅಷ್ಟೇ.

ಫೈಲಿನ ಪರ್ಮಿಷನ್ ಒಂದೇ ಇರಬಹುದು. ಆದರೆ ಬಂದವರು ಯಾರು ಅಂತ ಸರ್ವರ್ ತಿಳಿದುಕೊಳ್ಳುವ ರೀತಿ ಎರಡರಲ್ಲೂ ಬೇರೆ.

ಸಾಂಬಾದಲ್ಲಿ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುತ್ತೀರಿ. ನೀವು ಯಾವ ಗ್ರೂಪುಗಳಲ್ಲಿದ್ದೀರಿ ಅಂತ ಸರ್ವರ್ ತನ್ನ ಪಟ್ಟಿಯಲ್ಲೇ ನೋಡಿಕೊಳ್ಳುತ್ತದೆ. ಎನ್‌ಎಫ್‌ಎಸ್‌ನಲ್ಲಿ, ಕರ್ಬರೋಸ್ (ಬಂದವರ ಗುರುತನ್ನು ಖಚಿತಪಡಿಸುವ ವ್ಯವಸ್ಥೆ) ಹಾಕಿಲ್ಲದಿದ್ದರೆ, ಪಾಸ್‌ವರ್ಡ್ ಮಾತೇ ಇಲ್ಲ. 'ಇವರ ಯುಐಡಿ (ಯೂಸರ್ ನಂಬರ್) 1001, ಗ್ರೂಪ್ ನಂಬರುಗಳು ಇವು' ಅಂತ ಕ್ಲೈಂಟ್ ಮಷೀನು, ಅಂದರೆ ನಿಮ್ಮ ಲಿನಕ್ಸ್ ಮಷೀನು, ಹೇಳುತ್ತದೆ, ಸರ್ವರ್ ಸುಮ್ನೆ ನಂಬುತ್ತದೆ. ಹೆಸರು ಲೆಕ್ಕಕ್ಕೇ ಬರುವುದಿಲ್ಲ.

ದಾವಣಗೆರೆಯಲ್ಲಿ ಪಿ.ಜೆ. ಬಡಾವಣೆಯ ಒಂದು ಆಡಿಟರ್ ಆಫೀಸಿನ ಮಷೀನುಗಳನ್ನು ನಾನು ನೋಡಿಕೊಳ್ಳುತ್ತೇನೆ. ಅಲ್ಲಿ ಹಿಂದೆ ಯಾರೋ ಒಂದೊಂದು ಮಷೀನಿನಲ್ಲೂ ಒಂದೊಂದು ಕ್ರಮದಲ್ಲಿ ಯೂಸರ್‌ಗಳನ್ನು ಸೇರಿಸಿದ್ದರು. ಸರ್ವರ್‌ನಲ್ಲಿ 1001 ಅಂದರೆ ಅಕೌಂಟೆಂಟ್ ಮೇಡಂ, ಒಂದು ಲಿನಕ್ಸ್ ಮಷೀನಿನಲ್ಲಿ ಮಾತ್ರ ಆಫೀಸಿನ ಹುಡುಗ. ಮೇಡಂಗೆ ತಮ್ಮ ಫೈಲೇ ತೆರೆಯದು, ಆ ಹುಡುಗ ಜಿಎಸ್‌ಟಿ ಫೋಲ್ಡರಿಗೆಲ್ಲ ಯಜಮಾನ! ಹಾಗಾಗಿ ಮೊದಲು ಎರಡೂ ಕಡೆ 'ಐಡಿ' ಕಮಾಂಡ್ ಕೊಟ್ಟು ನಂಬರ್ ಹೋಲಿಸಿ. ಎನ್‌ಎಫ್‌ಎಸ್ 4ರಲ್ಲಿ ಫೈಲಿನ ಒಡೆಯರ ಹೆಸರು ಸರಿಯಾಗಿ ಕಂಡರೂ ನಂಬಬೇಡಿ, ತಪಾಸಣೆ ಆಗಲೂ ನಂಬರಿನ ಮೇಲೇ ನಡೆಯುತ್ತದೆ.

ನಂಬರ್ ಸರಿ ಇದೆಯಾ? ಹಾಗಾದರೆ ಗ್ರೂಪುಗಳನ್ನು ಎಣಿಸಿ. ನಂಬರ್ ಹೇಳಿ ನಂಬಿಸುವ ಈ ಪದ್ಧತಿಯಲ್ಲಿ ಕ್ಲೈಂಟ್ ಕಳಿಸಬಹುದಾದ ಹೆಚ್ಚುವರಿ ಗ್ರೂಪುಗಳು 16 ಮಾತ್ರ. ಅದಕ್ಕಿಂತ ಜಾಸ್ತಿ ಇದ್ದರೆ ಉಳಿದವು ಸದ್ದಿಲ್ಲದೆ ಬಿಟ್ಟುಹೋಗುತ್ತವೆ, ಲಾಗ್‌ನಲ್ಲಿ ಹುಡುಕಿ ಸುಸ್ತಾಗುತ್ತೀರಿ. ಸರ್ವರ್‌ನ ಮೌಂಟ್‌ಡಿಗೆ (ಎನ್‌ಎಫ್‌ಎಸ್‌ನ ಒಂದು ಸರ್ವರ್ ಪ್ರೋಗ್ರಾಂ) 'ಮ್ಯಾನೇಜ್-ಜಿಐಡಿಸ್' ಆಪ್ಷನ್ ಕೊಟ್ಟರೆ ಗ್ರೂಪುಗಳನ್ನು ಸರ್ವರ್ ತನ್ನ ಪಟ್ಟಿಯಲ್ಲೇ ನೋಡಿಕೊಳ್ಳುತ್ತದೆ.

ಸುಡೋ ಕೆಲಸ ಮಾಡದಿರುವುದು ದೋಷವಲ್ಲ. ಸರ್ವರ್‌ನಲ್ಲಿ 'ರೂಟ್ ಸ್ಕ್ವಾಶ್' ಅನ್ನುವ ಸೆಟ್ಟಿಂಗ್ ಇರುವುದರಿಂದ ಕ್ಲೈಂಟಿನ ರೂಟ್ (ಅಡ್ಮಿನ್ ಯೂಸರ್) ಸರ್ವರ್‌ಗೆ ಬರೀ 'ನೋಬಡಿ', ಅಂದರೆ ವಿಶೇಷ ಅಧಿಕಾರವಿಲ್ಲದ ಯೂಸರ್. ದಯವಿಟ್ಟು ಅದನ್ನು ತೆಗೆಯಬೇಡಿ.

ಇನ್ನೊಂದು ವ್ಯತ್ಯಾಸವೂ ಇದೆ. ಸಾಂಬಾ ತಪಾಸಣೆ ಮಾಡುವುದು ಫೈಲ್ ತೆರೆಯುವಾಗ. ಎನ್‌ಎಫ್‌ಎಸ್ 3ರಲ್ಲಿ 'ತೆರೆಯುವುದು' ಅನ್ನುವ ಹಂತವೇ ಇಲ್ಲ, ಪ್ರತಿ ಓದು, ಪ್ರತಿ ಬರಹಕ್ಕೂ ತಪಾಸಣೆ. ನಡುವೆ ಗ್ರೂಪ್ ಪರ್ಮಿಷನ್ ತೆಗೆದರೆ ಸಾಂಬಾದವರ ಕೆಲಸ ನಡೆಯುತ್ತಲೇ ಇರುತ್ತದೆ, ಎನ್‌ಎಫ್‌ಎಸ್‌ನವರದು ಅರ್ಧಕ್ಕೇ ನಿಲ್ಲಬಹುದು. ಫೈಲಿನ ಒಡೆಯರಿಗೆ ಮಾತ್ರ ಇಲ್ಲಿ ರಿಯಾಯಿತಿ ಇದೆ. ನಿಮ್ಮದು ಈ ಕೇಸ್ ಅಲ್ಲ ಅನಿಸುತ್ತದೆ.

ನನ್ನ ಅನುಮಾನ ಸಾಂಬಾ ಕಾನ್ಫಿಗ್ ಮೇಲೆ. ಅದರಲ್ಲಿ 'ಫೋರ್ಸ್ ಯೂಸರ್' ಸಾಲು ಇದ್ದರೆ ಬಂದವರೆಲ್ಲರೂ ಅದೊಂದೇ ಯೂಸರ್ ಆಗಿಬಿಡುತ್ತಾರೆ. ಮತ್ತೆ ಫೈಲ್ ತೆರೆಯದೆ ಇರುತ್ತದಾ? ಆ ಸಾಲು ಇದೆಯಾ ನೋಡಿ. ಜೊತೆಗೆ ಎರಡೂ ಕಡೆಯ 'ಐಡಿ' ಔಟ್‌ಪುಟ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.