ಬಸ್ಸಿನ ಮಾತಿನ ಹಿಂದಿನ ಮಾತು

ಪ್ರಶ್ನೆ: ದಾವಣಗೆರೆಯಲ್ಲಿ ಎಂ.ಎಸ್ಸಿ. ಸೈಕಾಲಜಿ ಓದುತ್ತಿದ್ದೇನೆ. ವಿಶ್ವವಿದ್ಯಾಲಯದ ಕೌನ್ಸೆಲಿಂಗ್ ಕೇಂದ್ರದಲ್ಲಿ ಕೆಲಸ ಮಾಡುವ ಆಸೆ. ‘ಸುಮ್ನೆ ಮಾತಾಡೋಕೆ ಸಂಬಳ ಯಾಕೆ ಕೊಡ್ತಾರೆ?’ ಅಂತಾರೆ ಮನೆಯಲ್ಲಿ. ಏನು ಹೇಳಲಿ ಮೇಡಂ?

ಉತ್ತರ: ನಮ್ಮ ಕೆಲಸದಲ್ಲಿ ಮಾತು ಕಮ್ಮಿ, ಕೇಳುವುದು ಜಾಸ್ತಿ ಕಣಮ್ಮ. ಒಮ್ಮೆ ಜಗಳೂರು ಕಡೆಯ ಹುಡುಗನೊಬ್ಬ ಬಂದಿದ್ದ. (ಗುರುತು ಸಿಗಬಾರದೆಂದು ಊರು ಬದಲಿಸಿದ್ದೇನೆ.) ಹತ್ತು ನಿಮಿಷ ಬರೀ ಬಸ್ಸಿನ ಟೈಮಿನ ಮಾತು. ಕೈ ಮಾತ್ರ ಬ್ಯಾಗಿನ ಜಿಪ್ ಎಳೆಯುತ್ತಿತ್ತು, ಮುಚ್ಚುತ್ತಿತ್ತು. ನಾನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಹೇಳಿದ: ‘ಎರಡು ಪೇಪರ್ ಹೋಗಿದೆ ಮೇಡಂ. ಅಪ್ಪ ಮೆಕ್ಕೆಜೋಳ ಮಾರಿ ಫೀಸು ಕಟ್ಟಿದ್ದಾರೆ. ಹೆಂಗೆ ಹೇಳಲಿ?’ ಆ ಹತ್ತು ನಿಮಿಷ ಸುಮ್ಮನಿರುವುದನ್ನು ಕಲಿಯೋಕೆ ನನಗೆ ವರ್ಷಗಳೇ ಹಿಡಿದವು.

ಪರೀಕ್ಷೆ ಹತ್ತಿರ ಬಂದರೆ ಬಾಗಿಲ ಮುಂದೆ ಸಾಲು. ಮಾತ್ರೆ ಬರೆಯುವುದು ನಮ್ಮ ಕೆಲಸವಲ್ಲ, ಅಗತ್ಯವಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತೇವೆ. ಕೇಳಿದ್ದನ್ನು ಗುಟ್ಟಾಗಿ ಇಡಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಇದನ್ನೇ ಹೇಳುತ್ತದೆ. ಜೀವಕ್ಕೆ ಅಪಾಯ ಅನ್ನಿಸಿದಾಗ ಮಾತ್ರ ಬೇರೆಯವರಿಗೆ ತಿಳಿಸುತ್ತೇವೆ. ಇದನ್ನು ಮೊದಲ ದಿನವೇ ಹೇಳಿಬಿಡಬೇಕು. ನಂಬಿಕೆ ಹುಟ್ಟುವುದೇ ಅಲ್ಲಿ, ಅಲ್ವಾ?

ರಾತ್ರಿ ನಮ್ಮ ಕೋಣೆಗೆ ಬೀಗ. ಅದಕ್ಕೇ ಬಂದವರಿಗೆಲ್ಲ 14416 ನಂಬರು ಬರೆದುಕೊಡುತ್ತೇನೆ. ಅದು ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೇ ಮಾತಾಡಬಹುದು. ನೀನೂ ಬರೆದಿಟ್ಟುಕೋ.