ಪೋಡಿಯಂ ಗಾರ್ಡನ್‌ಗೆ ಕಂಪನಿ ಆರಿಸುವಾಗ ಅದರ ಮುಖ್ಯಸ್ಥರಲ್ಲಿ ಏನು ನೋಡಬೇಕು?

ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್ ಚಾವಣಿ ಮೇಲಿನ ಗಾರ್ಡನ್, ಅಂದರೆ ಪೋಡಿಯಂ ಗಾರ್ಡನ್, ಸೋರುತ್ತಿದೆ, ಅದನ್ನು ಕಿತ್ತು ಹೊಸದಾಗಿ ಮಾಡಿಸಬೇಕು ಅಂತ ಬರೆದಿದ್ದೀರಿ. ಸ್ಟ್ರಕ್ಚರಲ್ ಇಂಜಿನಿಯರಿಂಗ್, ಲ್ಯಾಂಡ್‌ಸ್ಕೇಪ್ ಎರಡೂ ನಮ್ಮಲ್ಲೇ ಇದೆ ಅಂತ ಒಂದು ಕಂಪನಿ ಮುಂದೆ ಬಂದಿದೆ. ಮುಖ್ಯಸ್ಥರ ಡಿಗ್ರಿ, ಅನುಭವ ಎಲ್ಲ ಚೆನ್ನಾಗಿದೆ. ಅಷ್ಟು ನೋಡಿ ಕೆಲಸ ಕೊಟ್ಟುಬಿಡಬಹುದಾ ಅನ್ನುವುದು ನಿಮ್ಮ ಪ್ರಶ್ನೆ.

ಅಷ್ಟೇ ನೋಡಿ ಕೊಡಬೇಡಿ. ನಾನು ಬೆಂಗಳೂರಿನಲ್ಲಿ ಇಂಥದ್ದೇ ಒಂದು ಆಫೀಸಿನಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್. ಎರಡೂ ಟೀಮ್ ಒಂದೇ ಕಡೆ ಇದ್ದರೆ ಕೆಲಸ ಚೆನ್ನಾಗಿ ಆಗುತ್ತದೆ ಅಂತ ನಾನು ನಂಬುತ್ತೇನೆ. ಆದರೆ ಅಲ್ಲಿ ಒಂದು ವಿಷಯ ಖಚಿತವಾಗಿರಬೇಕು. 'ಇಲ್ಲಿ ಇಷ್ಟು ಮಣ್ಣು ಹಾಕೋಕೆ ಆಗಲ್ಲ' ಅಂತ ಸ್ಟ್ರಕ್ಚರ್ ನೋಡುವವರು ಹೇಳಿದರೆ, ಆ ಮಾತನ್ನು ಯಾರೂ ಮೀರಬಾರದು. ಲ್ಯಾಂಡ್‌ಸ್ಕೇಪ್ ಮುಖ್ಯಸ್ಥರೂ ಮೀರಬಾರದು, ಮಾರ್ಕೆಟಿಂಗ್‌ನವರೂ ಮೀರಬಾರದು, ದುಡ್ಡು ಕೊಡುವ ನೀವೂ ಮೀರಬಾರದು. ಆ ಕಂಪನಿಯಲ್ಲಿ ಆ ಮಾತಿಗೆ ಬೆಲೆ ಇದೆಯಾ ಅನ್ನುವುದನ್ನು ನೀವು ಮೊದಲು ಪತ್ತೆ ಮಾಡಬೇಕು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಮಣ್ಣಿನ ತೂಕ. ನೀರು ಕುಡಿದ ಮಣ್ಣು ಒಂದು ಘನ ಮೀಟರಿಗೆ 1,800ರಿಂದ 2,000 ಕೆಜಿ ತೂಗುತ್ತದೆ. ಒಂದು ಅಡಿ ದಪ್ಪಕ್ಕೆ ಹಾಕಿದರೂ ಚದರ ಮೀಟರಿಗೆ ಸುಮಾರು 550ರಿಂದ 600 ಕೆಜಿ. ಈಗ ಕಟ್ಟಡಕ್ಕೆ ಎಷ್ಟು ಲೋಡು ಲೆಕ್ಕ ಹಿಡಿಯಬೇಕು ಅಂತ ಹೇಳುವ ನಮ್ಮ ಐಎಸ್ 875 ಕೋಡ್ ನೋಡಿ. ಮನೆಯ ರೂಮಿನಲ್ಲಿ ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ 200 ಕೆಜಿ ಲೆಕ್ಕ. ಜನ ಓಡಾಡುವ ಟೆರೇಸಿಗೆ 150 ಕೆಜಿ. ಅಂದರೆ ಒಂದಡಿ ಒದ್ದೆ ಮಣ್ಣು ಒಂದು ರೂಮಿನ ಲೋಡಿನ ಮೂರರಷ್ಟು. ಮರ ಬೇಕು ಅಂದರೆ ಒಂದು ಮೀಟರ್ ಮಣ್ಣಾದರೂ ಬೇಕು. ಅಲ್ಲಿಗೆ ಚದರ ಮೀಟರಿಗೆ ಎರಡು ಟನ್ ಹತ್ತಿರ. ಪೋಡಿಯಂ ಸ್ಲ್ಯಾಬನ್ನು ಟೆರೇಸಿಗಿಂತ ಜಾಸ್ತಿ ಲೋಡಿಗೇ ಡಿಸೈನ್ ಮಾಡಿರುತ್ತಾರೆ, ನಿಜ. ಎಷ್ಟು ಜಾಸ್ತಿ ಅನ್ನುವುದು ಹಳೇ ಸ್ಟ್ರಕ್ಚರಲ್ ಡ್ರಾಯಿಂಗ್ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಅಸೋಸಿಯೇಷನ್‌ನವರ ಗಮನಕ್ಕೇ ಬರುವುದಿಲ್ಲ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಎತ್ತರದ ಕಟ್ಟಡಗಳ ಸುತ್ತ ಫೈರ್ ಇಂಜಿನ್ ಓಡಾಡುವ ದಾರಿ 45 ಟನ್ ತೂಕದ ಗಾಡಿಯ ಭಾರವನ್ನು ತಡೆದುಕೊಳ್ಳಬೇಕು. ಆ ದಾರಿ ನಿಮ್ಮ ಪೋಡಿಯಂ ಮೇಲೆ ಹಾದುಹೋಗುತ್ತಿದ್ದರೆ ಅಲ್ಲಿ ಲಾನ್, ಪ್ಲಾಂಟರ್, ಗಜೀಬೊ ಏನೂ ಬರಬಾರದು. ಡಿಸೈನ್ ತೋರಿಸುವಾಗ ಕಂಪನಿಯವರು ತಾವಾಗಿಯೇ ಈ ಮಾತು ಎತ್ತಿದರೆ ಒಳ್ಳೆಯ ಲಕ್ಷಣ.

ಹಾಗಂತ ಎಲ್ಲದಕ್ಕೂ ಆಗಲ್ಲ ಅನ್ನುವ ಇಂಜಿನಿಯರ್ ಇದ್ದರೂ ಪ್ರಯೋಜನ ಇಲ್ಲ. ನಮ್ಮ ಲ್ಯಾಂಡ್‌ಸ್ಕೇಪ್ ಮುಖ್ಯಸ್ಥೆ ಹೊಸ ಕೆಲಸ ಬಂದ ಕೂಡಲೇ ಕೇಳುವುದು ಕಾಲಂಗಳು ಎಲ್ಲೆಲ್ಲಿವೆ ಅಂತ. ಗಿಡಗಳ ಮಾತು ಆಮೇಲೆ. ಮಣ್ಣಿನ ದಿಬ್ಬ, ದೊಡ್ಡ ಪ್ಲಾಂಟರ್ ಎಲ್ಲ ಅವರ ಸ್ಕೆಚ್‌ನಲ್ಲಿ ಕಾಲಂ ತಲೆಯ ಮೇಲೆ, ಬೀಮ್ ಸಾಲಿನ ಮೇಲೆ ಬರುತ್ತವೆ. ಸ್ಲ್ಯಾಬಿನ ನಡುಭಾಗಕ್ಕೆ ತೆಳು ಲಾನ್ ಅಥವಾ ನೆಲಹಾಸು. ಎತ್ತರ ಕಾಣಬೇಕಾದ ಕಡೆ ಅಡಿಯಲ್ಲಿ ಹಗುರವಾದ ಥರ್ಮಾಕೋಲ್ ಥರದ ಬ್ಲಾಕ್ ಇಟ್ಟು ಮೇಲೆ ಮಣ್ಣು ಹರಡಿಸುತ್ತಾರೆ. ಶಿಕಾಗೊದ ಮಿಲೆನಿಯಂ ಪಾರ್ಕ್ 2004ರಲ್ಲಿ ತೆರೆದಾಗ ಪಾರ್ಕಿಂಗ್ ಗ್ಯಾರೇಜ್ ಮೇಲಿನ ಉದ್ಯಾನಕ್ಕೆ ಇದೇ ಉಪಾಯ ಬಳಸಿದ್ದರು. ಕೆಂಪು ಮಣ್ಣಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಹಗುರವಾದ ಬಿಳಿ ಹರಳು) ಬೆರೆಸಿದರೂ ತೂಕ ಇಳಿಯುತ್ತದೆ. ಆಲ, ಅರಳಿ, ಗೋಣಿ ಜಾತಿಯ ಮರಗಳನ್ನು ಅವರು ಪೋಡಿಯಂ ಹತ್ತಿರಕ್ಕೂ ಬಿಡುವುದಿಲ್ಲ, ಬೇರು ವಾಟರ್‌ಪ್ರೂಫಿಂಗನ್ನು ಸೀಳಿಕೊಂಡು ಹೋಗುತ್ತದೆ. ಇದನ್ನೇ ನಾನು ಪರಿಣತಿ ಅನ್ನುವುದು. ಅವರ ಮೇಲೆ ನನಗೆ ತುಂಬಾ ಗೌರವ ಇದೆ.

ಇಂಥ ಜೊತೆಗೆಲಸ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಇಟಲಿಯ ಮಿಲಾನ್‌ನ ಬೋಸ್ಕೊ ವರ್ಟಿಕಾಲೆ ನೋಡಿ. 2014ರಲ್ಲಿ ಮುಗಿದ ಎರಡು ವಸತಿ ಗೋಪುರ, ಬಾಲ್ಕನಿಗಳಲ್ಲಿ ಸುಮಾರು 800 ಮರ. ಆರ್ಕಿಟೆಕ್ಟ್ ಸ್ಟೆಫಾನೊ ಬೋಯೆರಿ. ಸ್ಟ್ರಕ್ಚರ್ ನೋಡಿಕೊಂಡಿದ್ದು ಅರೂಪ್ ಕಂಪನಿ. ಮರಗಳ ವಿಷಯ ಸಸ್ಯ ತಜ್ಞೆ ಲಾರಾ ಗಟ್ಟಿ ಅವರ ಕೈಯಲ್ಲಿತ್ತು. ಗಾಳಿಗೆ ಮರ ಹೇಗೆ ಬಾಗುತ್ತದೆ ಅಂತ ವಿಂಡ್ ಟನಲ್‌ನಲ್ಲಿ ಪರೀಕ್ಷಿಸಿದರು. ಮರ ಉರುಳದ ಹಾಗೆ ಕೇಬಲ್ ಕಟ್ಟಿದರು. ಕಟ್ಟಡ ಮುಗಿಯುವ ಮೊದಲೇ ಮರಗಳನ್ನು ನರ್ಸರಿಯಲ್ಲಿ ಬೆಳೆಸಿ ಸಿದ್ಧ ಮಾಡಿದ್ದರು. ಯಾವ ಬಾಲ್ಕನಿಗೆ ಯಾವ ಮರ ಅನ್ನುವುದನ್ನು ಇಂಜಿನಿಯರ್ ಮತ್ತು ಸಸ್ಯ ತಜ್ಞೆ ಕೂತು ಮಾತಾಡದೆ ಇದು ಆಗುವ ಕೆಲಸವೇ ಅಲ್ಲ.

ಕೆಟ್ಟದ್ದನ್ನೂ ಹೇಳಲೇಬೇಕು. ಲಾಟ್ವಿಯಾದ ರೀಗಾ ನಗರದಲ್ಲಿ 2013ರ ನವೆಂಬರ್ 21ರ ಸಂಜೆ ಮ್ಯಾಕ್ಸಿಮಾ ಎಂಬ ಸೂಪರ್‌ಮಾರ್ಕೆಟ್‌ನ ಚಾವಣಿ ಕುಸಿದು 54 ಜನ ಸತ್ತರು. ರಕ್ಷಣೆಗೆ ಒಳಗೆ ಹೋದ ಅಗ್ನಿಶಾಮಕ ಸಿಬ್ಬಂದಿಯೂ ಅದರಲ್ಲಿದ್ದರು. ಆ ಹೊತ್ತಿಗೆ ಚಾವಣಿ ಮೇಲೆ ಗಾರ್ಡನ್ ಕೆಲಸ ನಡೆಯುತ್ತಿತ್ತು, ಮಣ್ಣು, ಜಲ್ಲಿ ಎಲ್ಲ ಮೇಲಿತ್ತು. ಮೂಲ ತಪ್ಪು ಚಾವಣಿಯನ್ನು ಹೊರುವ ಉಕ್ಕಿನ ಚೌಕಟ್ಟಿನ (ಟ್ರಸ್) ಡಿಸೈನ್‌ನಲ್ಲಿತ್ತು, ಗಾರ್ಡನ್‌ನಲ್ಲಲ್ಲ. ಆದರೆ ಲೋಡು ಬಿದ್ದಾಗ ಆ ತಪ್ಪು ಜನರ ಜೀವ ತೆಗೆಯಿತು. ಡಿಸೈನ್ ಮಾಡಿದ ಇಂಜಿನಿಯರ್‌ಗೆ ಕೋರ್ಟಿನಲ್ಲಿ ಶಿಕ್ಷೆಯಾಯಿತು. ಕಟ್ಟಡ ಮುಗಿದು ಎರಡೇ ವರ್ಷವಾಗಿತ್ತು ಅನ್ನುವುದನ್ನು ಗಮನಿಸಿ. ಹೊಸ ಕಟ್ಟಡ, ಏನೂ ಆಗಲ್ಲ ಅನ್ನುವ ಧೈರ್ಯಕ್ಕೆ ಆಧಾರವೇ ಇಲ್ಲ.

ಸೋರುವ ವಿಷಯಕ್ಕೆ ಕೆನಡಾದ ಎಲಿಯಟ್ ಲೇಕ್ ಊರಿನ ಮಾಲ್ ಕಥೆ ಇದೆ. ಅದರ ಚಾವಣಿ ಮೇಲೆ ಕಾರ್ ಪಾರ್ಕಿಂಗ್. 1980ರಲ್ಲಿ ಕಟ್ಟಿದಾಗಿನಿಂದಲೂ ಸೋರುತ್ತಲೇ ಇತ್ತು. ನೀರು, ಉಪ್ಪು ಸೇರಿ ಒಳಗಿನ ಉಕ್ಕನ್ನು ತಿಂದುಹಾಕಿತ್ತು. 2012ರ ಜೂನ್‌ನಲ್ಲಿ ಒಂದು ಭಾಗ ಕುಸಿದು ಇಬ್ಬರು ಸತ್ತರು. ಅದಕ್ಕೆ ಕೆಲವೇ ವಾರ ಮುಂಚೆ ಒಬ್ಬ ಇಂಜಿನಿಯರ್ ಬಂದು ನೋಡಿ ಕಟ್ಟಡ ಗಟ್ಟಿಯಾಗಿದೆ ಅಂತ ಬರೆದುಕೊಟ್ಟಿದ್ದರು. ಮಾಲೀಕರು ಕೇಳಿದರು ಅಂತ ಅವರು ವರದಿಯನ್ನು ತಿದ್ದಿದ್ದೂ ವಿಚಾರಣೆಯಲ್ಲಿ ಹೊರಬಂತು. ಡಿಗ್ರಿ, ಅನುಭವ ಎಲ್ಲ ಅವರಿಗೂ ಇತ್ತು. ಕ್ಲೈಂಟ್ ಎದುರು ಗಟ್ಟಿಯಾಗಿ ನಿಲ್ಲಲಿಲ್ಲ, ಅಷ್ಟೇ. ಹಾಗಾಗಿ ಪ್ರೊಫೈಲ್ ನೋಡಿ ನಿರ್ಧಾರ ಮಾಡಬೇಡಿ ಅನ್ನುತ್ತಿದ್ದೇನೆ.

ಹಾಗಾದರೆ ಮೀಟಿಂಗ್‌ನಲ್ಲಿ ಏನು ಕೇಳಬೇಕು? ಈ ಹಿಂದೆ ಮಾಡಿದ ಒಂದು ಪೋಡಿಯಂ ಕೆಲಸದ ಡ್ರಾಯಿಂಗ್ ತೋರಿಸಿ ಅನ್ನಿ. ಕಾಲಂ, ಬೀಮ್, ಮಣ್ಣಿನ ದಪ್ಪ, ಒದ್ದೆ ತೂಕ ಎಲ್ಲ ಒಂದೇ ಹಾಳೆಯಲ್ಲಿ ಇರಬೇಕು. ಗಿಡಗಳ ಪ್ಲ್ಯಾನ್ ಬೇರೆ, ಸ್ಟ್ರಕ್ಚರ್ ಬೇರೆ, ಎರಡೂ ಸೇರಿದ ಹಾಳೆಯೇ ಇಲ್ಲ ಅಂದರೆ ಬೋರ್ಡಿನ ಮೇಲೆ ಮಾತ್ರ ಎರಡೂ ಒಂದೇ ಕಂಪನಿ. ಲೋಡು ಜಾಸ್ತಿಯಾಯಿತು ಅಂತ ಡಿಸೈನ್ ಬದಲಿಸಿದ ಒಂದು ಕೆಲಸ ಹೇಳಿ ಅಂತಲೂ ಕೇಳಿ. ನಿಜವಾಗಿ ಕೆಲಸ ಮಾಡಿದವರ ಬಳಿ ಇಂಥವು ಬೇಕಾದಷ್ಟಿರುತ್ತವೆ, ಅವರು ಉತ್ಸಾಹದಿಂದಲೇ ಹೇಳುತ್ತಾರೆ. ಲೆಕ್ಕಕ್ಕೆ ಸಹಿ ಹಾಕುವವರು ಯಾರು, ಅವರೇ ಸೈಟಿಗೆ ಬರುತ್ತಾರಾ ಅನ್ನುವುದು ಒಪ್ಪಂದದಲ್ಲೇ ಬರಲಿ. ಹಿರಿಯರು ಮೊದಲ ಮೀಟಿಂಗ್‌ಗೆ ಬಂದು ಆಮೇಲೆ ಕಾಣಿಸದೇ ಇರುವುದು ನಮ್ಮ ಕ್ಷೇತ್ರದಲ್ಲಿ ಮಾಮೂಲಿ.

ಅರ್ಹತೆಯನ್ನೂ ನೋಡಿ, ಬೇಡ ಅನ್ನುತ್ತಿಲ್ಲ. 1972ರ ಆರ್ಕಿಟೆಕ್ಟ್ಸ್ ಆಕ್ಟ್ ಇರುವುದು ಆರ್ಕಿಟೆಕ್ಟ್‌ಗಳಿಗೆ. ಲ್ಯಾಂಡ್‌ಸ್ಕೇಪ್‌ಗೆ ಅಂತ ಅಂಥ ಪ್ರತ್ಯೇಕ ಕಾನೂನು ನಮ್ಮಲ್ಲಿ ಇಲ್ಲ. ಹಾಗಾಗಿ ಗಿಡ ಸಪ್ಲೈ ಮಾಡುವ ಕಂಟ್ರಾಕ್ಟರ್ ಕೂಡ ಲ್ಯಾಂಡ್‌ಸ್ಕೇಪ್ ಕನ್ಸಲ್ಟೆಂಟ್ ಅಂತ ಕಾರ್ಡ್ ಮಾಡಿಸಿಕೊಂಡಿರುತ್ತಾರೆ. ಓದಿದ್ದು ಏನು, ಎಲ್ಲಿ ಅಂತ ನೇರವಾಗಿ ಕೇಳಿ.

ಮಣ್ಣು ಬರುವ ದಿನದ ಬಗ್ಗೆ ಈಗಲೇ ಮಾತಾಡಿಟ್ಟುಕೊಳ್ಳಿ. ಡಿಸೈನ್ ಸರಿಯಾಗಿದ್ದೂ ಆ ದಿನ ಎಡವಟ್ಟಾಗುತ್ತದೆ. ಗೇಟಿಗೆ ಹತ್ತಿರ ಅಂತ ಲಾರಿಯವರು ಪೂರ್ತಿ ಮಣ್ಣನ್ನು ಒಂದೇ ಕಡೆ ಸುರಿದು ಹೋಗುತ್ತಾರೆ. ಎರಡು ಮೀಟರ್ ಎತ್ತರದ ಗುಡ್ಡೆ ಅಂದರೆ ಅದರ ಅಡಿಯ ಸ್ಲ್ಯಾಬಿಗೆ ಚದರ ಮೀಟರಿಗೆ ಸುಮಾರು ಮೂರು ಟನ್. ಅಷ್ಟರಲ್ಲಿ ಮಳೆ ಬಂದರೆ ಇನ್ನೂ ಜಾಸ್ತಿ. ಆ ದಿನ ಇಂಜಿನಿಯರ್ ಸೈಟಿನಲ್ಲಿ ನಿಂತಿರಬೇಕು. ಎಲ್ಲಿ ಇಳಿಸಬೇಕು, ಎಷ್ಟು ಎತ್ತರಕ್ಕೆ ಅಂತ ನೆಲದ ಮೇಲೆ ಗುರುತು ಹಾಕಿರಬೇಕು. ಮಣ್ಣು ಹಾಕುವ ಮೊದಲು ವಾಟರ್‌ಪ್ರೂಫಿಂಗ್ ಮೇಲೆ ನೀರು ನಿಲ್ಲಿಸಿ, ಕೆಳಗೆ ಬೇಸ್‌ಮೆಂಟ್‌ನಲ್ಲಿ ನೋಡಬೇಕು. ಒಂದು ಹನಿ ಕಂಡರೂ ಮುಂದಿನ ಕೆಲಸ ನಿಲ್ಲಬೇಕು.

ಯಾರಿಗೆ ಕೆಲಸ ಕೊಟ್ಟರೂ ಈ ವಾರವೇ ಬಿಲ್ಡರ್ ಹತ್ತಿರ ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ, ಲಿಖಿತವಾಗಿ ಕೇಳಿ. ಸಿಗದಿದ್ದರೆ ಸ್ಲ್ಯಾಬನ್ನು ಸ್ಕ್ಯಾನ್ ಮಾಡಿ ಕಂಬಿ ಎಲ್ಲಿದೆ, ಎಷ್ಟಿದೆ ಅಂತ ತಿಳಿಯಬಹುದು, ಸ್ಲ್ಯಾಬಿನಿಂದ ಸಣ್ಣ ತುಂಡು (ಕೋರ್) ಕೊರೆದು ತೆಗೆದು ಕಾಂಕ್ರೀಟ್ ಪರೀಕ್ಷಿಸಬಹುದು. ಈ ತಪಾಸಣೆಯನ್ನು ವಾಟರ್‌ಪ್ರೂಫಿಂಗ್ ಮಾರುವ ಕಂಪನಿಯಿಂದಲೇ ಮಾಡಿಸಬೇಡಿ. ಬೇಸ್‌ಮೆಂಟ್ ಸೀಲಿಂಗ್‌ನಲ್ಲಿ ತುಕ್ಕಿನ ಕಲೆ, ಉದುರಿದ ಕಾಂಕ್ರೀಟ್, ಹೊರಗೆ ಕಾಣುವ ಕಂಬಿ ಇದ್ದರೆ ಅದರ ಕೆಳಗೆ ಕಾರು ನಿಲ್ಲಿಸುವುದನ್ನು ಇವತ್ತೇ ನಿಲ್ಲಿಸಿ, ಮೇಲಿನ ಆ ಜಾಗದಿಂದ ದೊಡ್ಡ ಕುಂಡಗಳನ್ನು ತೆಗೆಸಿ. ಫೋಟೊ ಹಾಕಿದರೆ ನಾನೂ ನೋಡುತ್ತೇನೆ. ಆದರೆ ಫೋಟೊ ನೋಡಿ ಸೇಫ್ ಅಂತ ನಾನು ಹೇಳುವುದಿಲ್ಲ, ಹಾಗೆ ಯಾರು ಹೇಳಿದರೂ ನಂಬಬೇಡಿ.